ನನ್ನ ಕಾರು ಎಲ್ಲಿದೆ ಅಂತ ಯಾರ್ಯಾರಿಗೆ ಗೊತ್ತು?

ನಮಸ್ಕಾರ. ಇವತ್ತಿನ ಮಾತು ಕಾರಿನ ಟ್ರ್ಯಾಕರ್ ಬಗ್ಗೆ, ಅಂದ್ರೆ ಕಾರು ಎಲ್ಲಿದೆ ಅಂತ ಸಿಗ್ನಲ್ ಕಳಿಸೋ ಸಾಧನದ ಬಗ್ಗೆ. ಕಾರಿಗಿಂತ ಮೊದಲು ಅದರ ಜೊತೆಗೆ ಬರೋ ಈ ಕಾರ್ಡ್ ತೋರಿಸ್ತೀನಿ. ಸ್ವಲ್ಪ ಹತ್ತಿರ ತರ್ತೀನಿ, ನೋಡಿ. ಕಪ್ಪು ಪ್ಲಾಸ್ಟಿಕ್, ಅಗಲ ಎಟಿಎಂ ಕಾರ್ಡಿನಷ್ಟೇ, ದಪ್ಪ ಮಾತ್ರ ಜಾಸ್ತಿ. ಪರ್ಸಿನ ಜಿಪ್ ತಾಗಿ ತಾಗಿ ಈ ಮೂಲೆ ಬೆಳ್ಳಗಾಗಿದೆ. ಹಿಂಭಾಗವನ್ನ ಉಗುರಲ್ಲಿ ಎಬ್ಬಿಸಿದ್ರೆ ಒಳಗೊಂದು ಬಿಲ್ಲೆ ಬ್ಯಾಟರಿ. ಇದು ನನ್ನ ಜೇಬಲ್ಲಿ ಇಲ್ಲದೆ ಕಾರು ಹೊರಟ್ರೆ ಎಲ್ಲೋ ಒಂದು ಕಡೆ ಒಬ್ಬರ ಸ್ಕ್ರೀನ್ ಮೇಲೆ ಕೆಂಪು ದೀಪ ಹತ್ತಿಕೊಳ್ಳುತ್ತೆ, ಅವರು ನನಗೆ ಫೋನ್ ಮಾಡ್ತಾರೆ. ಕೀ ಅಸಲಿ ಆಗಿದ್ರೂ ಸರಿ, ಎಂಜಿನ್ ಸರಿಯಾಗೇ ಸ್ಟಾರ್ಟ್ ಆಗಿದ್ರೂ ಸರಿ. ಕೀ ಇರೋರೆಲ್ಲ ಮಾಲೀಕರು ಅಂತ ಈ ವ್ಯವಸ್ಥೆ ನಂಬೋದಿಲ್ಲ, ಇದರ ಹೆಚ್ಚುಗಾರಿಕೆಯೇ ಅದು.

ನಾನಿರೋದು ಇಂಗ್ಲೆಂಡಿನಲ್ಲಿ, ರೆಡಿಂಗ್ ಹತ್ತಿರ. ಕಾರು ಜರ್ಮನಿಯದು, ಎರಡು ಬಾಗಿಲಿನದು, ಸೆಕೆಂಡ್ ಹ್ಯಾಂಡ್. ಟ್ರ್ಯಾಕರ್ ಹಾಕಿಸಬೇಕು ಅಂತ ನನಗೇ ಹೊಳೆದದ್ದಲ್ಲ. ಇನ್ಶೂರೆನ್ಸ್‌ನವರು ಪಾಲಿಸಿಯಲ್ಲೇ ಬರೆದಿದ್ರು: ಮಾನ್ಯತೆ ಪಡೆದ ಟ್ರ್ಯಾಕರ್ ಇರಬೇಕು, ಅದರ ಚಂದಾ ಚಾಲ್ತಿಯಲ್ಲಿರಬೇಕು, ಇಲ್ಲದಿದ್ರೆ ಕಳ್ಳತನದ ಕ್ಲೇಮ್ ಇಲ್ಲ. ಬೆಲೆ ಜಾಸ್ತಿ ಇರೋ ಕಾರುಗಳಿಗೆ ಇಲ್ಲಿ ಇದು ಮಾಮೂಲಿ ಷರತ್ತು. ಆ ಮಾನ್ಯತೆ ಅನ್ನೋದರ ಹಿಂದೆ ಇರೋದು ಥ್ಯಾಚಮ್ ರಿಸರ್ಚ್ ಅನ್ನೋ ಸಂಸ್ಥೆ. ಬರ್ಕ್‌ಷೈರ್‌ನಲ್ಲೇ, ನಮ್ಮನೆಯಿಂದ ದೂರವಿಲ್ಲ. ಅವರು 2019ರಿಂದ ಎಸ್5, ಎಸ್7 ಅಂತ ಎರಡು ದರ್ಜೆ ಇಟ್ಟಿದ್ದಾರೆ. ಎಸ್7ನಲ್ಲಿ ಕಾರು ಎಲ್ಲಿದೆ ಅಂತ ತಿಳಿಯುತ್ತೆ, ಎತ್ತಿಕೊಂಡು ಹೋದ್ರೆ ಎಚ್ಚರಿಕೆ ಬರುತ್ತೆ, ಬ್ಯಾಟರಿ ಕಿತ್ತರೂ ಬರುತ್ತೆ. ಎಸ್5 ಅಂದ್ರೆ ಅದರ ಮೇಲೆ ಈ ಡ್ರೈವರ್ ಕಾರ್ಡ್, ಜೊತೆಗೆ ದೂರದಿಂದಲೇ ಎಂಜಿನ್ ತಡೆಯೋ ಶಕ್ತಿ. ತಡೆಯೋದು ಅಂದ್ರೆ ಹೆದ್ದಾರಿ ಮಧ್ಯೆ ಓಡ್ತಿರೋ ಕಾರನ್ನ ಗಕ್ಕನೆ ನಿಲ್ಲಿಸೋದಲ್ಲ, ಅದು ಪ್ರಾಣಕ್ಕೇ ಕುತ್ತು. ಕಳ್ಳ ಒಮ್ಮೆ ಆಫ್ ಮಾಡಿದ ಮೇಲೆ ಮತ್ತೆ ಸ್ಟಾರ್ಟ್ ಆಗದ ಹಾಗೆ ಮಾಡೋದು.

ಹೋದ ಬೇಸಿಗೆ ನಾವೆಲ್ಲ ಐಲ್ ಆಫ್ ವೈಟ್ ದ್ವೀಪಕ್ಕೆ ಹೊರಟಿದ್ವಿ. ಪೋರ್ಟ್ಸ್‌ಮತ್‌ನಲ್ಲಿ ಕಾರನ್ನ ಫೆರಿಯ ಡೆಕ್ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ ಮೇಲೆ ಹತ್ತಿ ಹೋದ್ವಿ. ಮಗಳು ಕಟಕಟೆ ಹಿಡ್ಕೊಂಡು ನಿಂತು ಸಮುದ್ರದ ಹಕ್ಕಿಗಳಿಗೆ ಚಿತ್ರಾನ್ನ ತೋರಿಸ್ತಿದ್ಲು. ಹಡಗು ದಡ ಬಿಟ್ಟು ಸ್ವಲ್ಪ ಹೊತ್ತಾಗಿತ್ತು, ಫೋನ್ ಬಂತು. ಟ್ರ್ಯಾಕರ್ ಕಂಪನಿಯ ಕಾವಲು ಕೇಂದ್ರದಿಂದ ಒಬ್ಬರು ಹೆಣ್ಣುಮಗಳು, ಬಹಳ ಶಾಂತವಾದ ಧ್ವನಿ. ಮೊದಲು ನನ್ನ ಹೆಸರು ಕೇಳಿದ್ರು, ಆಮೇಲೆ ಗುಪ್ತಪದ. ಅದಾದ ಮೇಲೆ, "ನಿಮ್ಮ ವಾಹನದ ಇಗ್ನಿಷನ್ ಆಫ್ ಇದೆ, ಆದ್ರೆ ಗಾಡಿ ಚಲಿಸ್ತಾ ಇದೆ. ಇದು ನಿಮಗೆ ಗೊತ್ತಿದೆಯಾ?" ಫೆರಿಯಲ್ಲಿದ್ದೀವಿ ಅಂದೆ. ಆ ಕಡೆಯಿಂದ ಕೀಬೋರ್ಡ್ ಸದ್ದು. "ಹೌದು, ಮ್ಯಾಪಿನಲ್ಲಿ ನಿಮ್ಮ ಕಾರಿನ ಚುಕ್ಕಿ ನೀರಿನ ಮೇಲೆ ಕಾಣಿಸ್ತಿದೆ" ಅಂದ್ರು. ಇಂಥ ಪ್ರಯಾಣಕ್ಕೆ ಟ್ರಾನ್ಸ್‌ಪೋರ್ಟ್ ಮೋಡ್ ಅಂತ ಒಂದಿದೆ, ಅದನ್ನ ಹಾಕಿದ್ರೆ ಕರೆ ಬರೋದಿಲ್ಲ ಅಂತ ಹೇಳಿ, ಈಗಲೇ ನಾನೇ ಹಾಕಿಬಿಡ್ತೀನಿ, ಪ್ರಯಾಣ ಸುಖವಾಗಿರಲಿ ಅಂದ್ರು.

ಆ ಕರೆ ಬಂದದ್ದು ನನಗೆ ನಿಜವಾಗ್ಲೂ ಖುಷಿ ಕೊಡ್ತು. ವರ್ಷ ವರ್ಷ ದುಡ್ಡು ಕಟ್ತೀವಿ, ಆ ಕಡೆ ಯಾರಾದ್ರೂ ಇದ್ದಾರಾ ಅನ್ನೋದು ಅಲ್ಲಿವರೆಗೂ ಖಾತ್ರಿ ಇರಲಿಲ್ಲ. ಇದ್ದಾರೆ. ಎಚ್ಚರವಾಗಿದ್ದಾರೆ.

ಚಳಿಗಾಲದ ವಿಷಯ ಬೇರೆ. ನವೆಂಬರ್‌ನಿಂದ ಫೆಬ್ರವರಿ ತನಕ ಇಂಥ ಕಾರುಗಳು ಹೆಚ್ಚಾಗಿ ಗ್ಯಾರೇಜಲ್ಲೇ ಇರ್ತವೆ. ಟ್ರ್ಯಾಕರ್ ಮಾತ್ರ ಮಲಗೋದಿಲ್ಲ. ಹನಿಹನಿಯಾಗಿ ಬ್ಯಾಟರಿ ಕುಡೀತಾನೇ ಇರುತ್ತೆ. ಬ್ಯಾಟರಿ ಇಳೀತು ಅಂದ್ರೆ ಮೊದಲು ಎಚ್ಚರಿಕೆ ಬರುತ್ತೆ, ಆಮೇಲೆ ಕಾರೇ ಸುಮ್ಮನಾಗುತ್ತೆ. ಅದಕ್ಕೇ ನೋಡಿ, ಗೋಡೆಯ ಪ್ಲಗ್‌ನಿಂದ ಈ ತಂತಿ ಬಾನೆಟ್ ಒಳಗೆ ಹೋಗಿದೆ. ಇದು ಟ್ರಿಕಲ್ ಚಾರ್ಜರ್, ಬ್ಯಾಟರಿಗೆ ನಿಧಾನವಾಗಿ ಚಾರ್ಜ್ ತುಂಬ್ತಾ ಇರುತ್ತೆ. ಸ್ಪೋರ್ಟ್ಸ್ ಕಾರು ಇಟ್ಕೊಂಡವರ ಮನೆಗೆ ಹೋದ್ರೆ ಇಲ್ಲಿ ಎಲ್ಲರ ಗ್ಯಾರೇಜಲ್ಲೂ ಇದೇ ತಂತಿ.

ಈಗ ನಿಜವಾದ ಕಳ್ಳತನದ ವಿಷಯಕ್ಕೆ ಬರ್ತೀನಿ. ನನ್ನ ಸ್ನೇಹಿತರೊಬ್ಬರು, ಮೈಸೂರಿನವರು, ಬರ್ಮಿಂಗ್‌ಹ್ಯಾಮ್‌ನಲ್ಲಿ ಡಾಕ್ಟರು. ಹೆಸರು ಬೇಡ ಅಂದಿದ್ದಾರೆ, ಮಾತು ಹೇಳೋಕೆ ಒಪ್ಪಿಗೆ ಕೊಟ್ಟಿದ್ದಾರೆ. ಅವರ ಕಾರು ಮನೆ ಮುಂದಿನ ಡ್ರೈವ್‌ವೇಯಲ್ಲಿ ನಿಂತಿತ್ತು. ಕೀಲೆಸ್ ಕಾರು, ಅಂದ್ರೆ ಕೀ ಹತ್ತಿರ ಇದ್ರೆ ಸಾಕು, ತಿರುಗಿಸೋದು ಬೇಡ. ಕೀ ಬಾಗಿಲ ಪಕ್ಕದ ಬಟ್ಟಲಲ್ಲಿ. ನಡುರಾತ್ರಿ ಇಬ್ಬರು ಬಂದಿದ್ದಾರೆ, ಪಕ್ಕದ ಮನೆ ಕ್ಯಾಮೆರಾದಲ್ಲಿ ಕಾಣುತ್ತೆ. ಒಬ್ಬ ಚೀಲದಂಥದ್ದೊಂದನ್ನ ಬಾಗಿಲಿಗೆ ಒತ್ತಿ ಹಿಡ್ಕೊಂಡು ಮೇಲೆ ಕೆಳಗೆ ಆಡಿಸ್ತಾನೆ, ಇನ್ನೊಬ್ಬ ಕಾರಿನ ಪಕ್ಕದಲ್ಲಿ. ಒಳಗಿರೋ ಕೀಯ ಸಿಗ್ನಲ್ಲನ್ನ ಆ ಚೀಲದಲ್ಲಿರೋ ಯಂತ್ರ ಹಿಡಿದು ಕಾರಿನ ಹತ್ತಿರ ಇರೋ ಯಂತ್ರಕ್ಕೆ ದಾಟಿಸುತ್ತೆ. ಕಾರಿಗೆ ಕೀ ಪಕ್ಕದಲ್ಲೇ ಇದೆ ಅನ್ನಿಸುತ್ತೆ, ಬಾಗಿಲು ತೆಗೆಯುತ್ತೆ. ಇದಕ್ಕೆ ರಿಲೇ ಅಟ್ಯಾಕ್ ಅಂತಾರೆ. ಗಾಜು ಒಡೆದಿಲ್ಲ, ಅಲಾರಂ ಕೂಗಿಲ್ಲ. ಒಂದು ನಿಮಿಷವೂ ಆಗಿಲ್ಲ, ಕಾರು ಬೀದಿ ದಾಟಿದೆ.

ಆದ್ರೆ ಡ್ರೈವರ್ ಕಾರ್ಡ್ ಮಹಡಿ ಮೇಲೆ, ಮಂಚದ ಪಕ್ಕದ ಪರ್ಸಿನಲ್ಲಿತ್ತು. ಅದು ಕಾರಿನ ಜೊತೆ ಹೋಗಲಿಲ್ಲ. ಹಾಗಾಗಿ ಫೋನ್ ಬಂತು. ಅವರು ನಿದ್ದೆಗಣ್ಣಲ್ಲಿ ಕಿಟಕಿಯಿಂದ ಬಗ್ಗಿ ನೋಡಿದ್ರೆ ಕಾರು ನಿಂತಿದ್ದ ಜಾಗ ಖಾಲಿ. ಮುಂದಿನದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಕಾರು ಎಲ್ಲಿದೆ ಅಂತ ಅವರು ಅಂಗಲಾಚಿದ್ರೂ ಕಾವಲು ಕೇಂದ್ರದವರು ಹೇಳಲಿಲ್ಲ. ಪೊಲೀಸರಿಗೆ ಫೋನ್ ಮಾಡಿ, ದೂರಿನ ನಂಬರ್ ತಗೊಂಡು ನಮಗೆ ಕೊಡಿ, ಜಾಗ ನಾವು ಪೊಲೀಸರಿಗೆ ಹೇಳ್ತೀವಿ ಅಂದ್ರು. ಆಗ ಅವರಿಗೆ ಸಿಟ್ಟು ನೆತ್ತಿಗೇರಿತ್ತಂತೆ, ನನ್ನ ಕಾರು ಎಲ್ಲಿದೆ ಅಂತ ನನಗೇ ಹೇಳಲ್ವಾ ಅಂತ. ನನ್ನ ಕೇಳಿದ್ರೆ ಅದು ಸರಿಯಾದ ನಿಯಮ. ಚುಕ್ಕಿ ನೋಡ್ಕೊಂಡು ಪೈಜಾಮದಲ್ಲೇ ಹೊರಟು ಕತ್ತಲಲ್ಲಿ ಕಳ್ಳರ ಎದುರು ಹೋಗಿ ನಿಲ್ಲೋದಕ್ಕಿಂತ, ಕಾರು ಹೋದ್ರೆ ಹೋಯ್ತು.

ಬೆಳಗಾಗೋ ಹೊತ್ತಿಗೆ ಕಾರು ಸಿಕ್ತು. ಎಲ್ಲಿ ಗೊತ್ತಾ? ಕೆಲವೇ ಮೈಲಿ ಆಚೆ ಒಂದು ಸಾಮಾನ್ಯ ವಸತಿ ಬೀದಿಯಲ್ಲಿ, ಅಲ್ಲೇ ಇರೋರ ಕಾರೇನೋ ಅನ್ನೋ ಹಾಗೆ ನೀಟಾಗಿ ಪಾರ್ಕ್ ಆಗಿತ್ತು. ಇಲ್ಲಿನ ಕಳ್ಳರ ಪದ್ಧತಿಯೇ ಅದು. ಕದ್ದ ಕಾರನ್ನ ಒಂದೆರಡು ದಿನ ಬೀದಿಯಲ್ಲಿ ಆರೋಕೆ ಬಿಡ್ತಾರೆ. ಪೊಲೀಸರು ಬಂದು ಎತ್ತಿಕೊಂಡು ಹೋದ್ರೆ ಟ್ರ್ಯಾಕರ್ ಇತ್ತು ಅಂತಾಯ್ತು. ಬರದಿದ್ರೆ ನಂಬರ್ ಪ್ಲೇಟ್ ಬದಲಾಗುತ್ತೆ, ಕಾರು ಬಂದರಿನ ದಾರಿ ಹಿಡಿಯುತ್ತೆ. ಒಳಗೆ ಕಳ್ಳರು ಸೀಟಿನ ಕೆಳಗೆಲ್ಲ ಕೈಯಾಡಿಸಿದ್ರಂತೆ, ಒಂದು ಪ್ಲಾಸ್ಟಿಕ್ ಪಟ್ಟಿ ಕಿತ್ತು ಬಂದಿತ್ತು. ಹುಡುಕಿದ್ದಾರೆ, ಸಿಕ್ಕಿಲ್ಲ.

ಚಾಪೆ ಕೆಳಗೆ ನುಸುಳಿದ್ರೆ ರಂಗೋಲಿ ಕೆಳಗೆ ನುಸುಳೋ ಜನ ಇವರು. ಜಿಪಿಎಸ್ ಮತ್ತು ಮೊಬೈಲ್ ಸಿಗ್ನಲ್ ಎರಡನ್ನೂ ಕೆಡಿಸೋ ಜ್ಯಾಮರ್ ಇಟ್ಕೊಂಡಿರ್ತಾರೆ. ಇಲ್ಲಾಂದ್ರೆ ಕಾರನ್ನ ಉಕ್ಕಿನ ಕಂಟೇನರ್‌ಗೆ ತಳ್ಳಿ ಬಾಗಿಲು ಹಾಕ್ತಾರೆ, ಅಲ್ಲಿಗೆ ಉಪಗ್ರಹದ ಸಿಗ್ನಲ್ ಬರೋದಿಲ್ಲ. ಅದಕ್ಕೇ ಕೆಲವು ಟ್ರ್ಯಾಕರ್‌ಗಳಲ್ಲಿ ಹಳೇ ಕಾಲದ ವಿಎಚ್ಎಫ್ ರೇಡಿಯೊ ಕೂಡ ಇರುತ್ತೆ. ಅದು ಗೋಡೆ, ಕಂಟೇನರ್, ನೆಲಮಾಳಿಗೆ ಇಂಥ ಕಡೆಯಿಂದಲೂ ಒಂದಿಷ್ಟು ಹೊರಗೆ ಬರುತ್ತೆ, ಹತ್ತಿರ ಬಂದ ಪೊಲೀಸ್ ಗಾಡಿಯ ರಿಸೀವರ್‌ಗೆ ಸಿಗುತ್ತೆ. ಈ ದಾರಿ ಹಾಕಿಕೊಟ್ಟದ್ದು ಅಮೆರಿಕದ ಲೋಜ್ಯಾಕ್ ಅನ್ನೋ ಟ್ರ್ಯಾಕರ್ ಕಂಪನಿ, 1986ರಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿ. ಕಾರಿನಲ್ಲಿ ಎಲ್ಲಿ ಬಚ್ಚಿಟ್ಟಿದೆ ಅಂತ ಮಾಲೀಕರಿಗೂ ಹೇಳ್ತಿರಲಿಲ್ಲ, ಗಾಜಿನ ಮೇಲೆ ಸ್ಟಿಕ್ಕರೂ ಅಂಟಿಸ್ತಿರಲಿಲ್ಲ. ಇಯಾನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್ ಅನ್ನೋ ಇಬ್ಬರು ಸಂಶೋಧಕರು 1998ರಲ್ಲಿ ಇದರ ಮೇಲೆ ಅಧ್ಯಯನ ಪ್ರಕಟಿಸಿದ್ರು. ಯಾವ ಕಾರಿನಲ್ಲಿದೆ, ಯಾವುದರಲ್ಲಿಲ್ಲ ಅಂತ ಕಳ್ಳನಿಗೆ ಗೊತ್ತಾಗದ ಕಾರಣ ಊರಿನ ಕಾರುಗಳಿಗೆಲ್ಲ ಅದರ ರಕ್ಷಣೆ ಸಿಕ್ತು, ಹಾಕಿಸಿಕೊಳ್ಳದವರಿಗೂ ಲಾಭವಾಯ್ತು ಅನ್ನೋದು ಅವರು ಕಂಡದ್ದು. ನನ್ನ ಟ್ರ್ಯಾಕರ್ ದುಡ್ಡಿನಲ್ಲಿ ಎದುರು ಮನೆಯವರ ಕಾರಿಗೂ ಒಂದಿಷ್ಟು ಕಾವಲು ಸಿಗುತ್ತೆ ಅಂದ್ರೆ ನನಗಂತೂ ಸಮಾಧಾನವೇ.

ಟ್ರ್ಯಾಕರ್ ಇಲ್ಲದ ಕಾರಿನ ಒಂದು ಕಥೆ ಹೇಳಲೇಬೇಕು. 1995ರ ಏಪ್ರಿಲ್, ಇಟಲಿಯ ಇಮೋಲಾ, ಸ್ಯಾನ್ ಮರೀನೊ ಗ್ರ್ಯಾಂಡ್ ಪ್ರೀ ಅನ್ನೋ ಫಾರ್ಮುಲಾ ಒನ್ ರೇಸ್ ನಡೀತಿದ್ದ ವಾರಾಂತ್ಯ. ಫೆರಾರಿ ತಂಡದ ಇಬ್ಬರು ಚಾಲಕರು, ಗೆರ್ಹಾರ್ಡ್ ಬರ್ಗರ್ ಮತ್ತು ಜಾನ್ ಅಲೇಸಿ. ಅವರಿಬ್ಬರ ಸ್ವಂತ ಫೆರಾರಿಗಳೂ ಅಲ್ಲಿ ಕಳುವಾದವು. ಬರ್ಗರ್ ಅವರದ್ದು ಕೆಂಪು ಎಫ್512ಎಂ. ಅದು ಸಿಕ್ಕಿದ್ದು ಯಾವಾಗ? ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ಪ್ರಕಟಿಸಿದ್ದು 2024ರ ಮಾರ್ಚ್‌ನಲ್ಲಿ. ಸುಮಾರು 29 ವರ್ಷ! ಕದ್ದ ಸ್ವಲ್ಪ ದಿನಕ್ಕೇ ಕಾರು ಜಪಾನ್ ಸೇರಿತ್ತು, 2023ರ ಕೊನೆಗೆ ಇಂಗ್ಲೆಂಡಿಗೆ ಬಂತು. ಅಮೆರಿಕದವರೊಬ್ಬರು ಬ್ರಿಟನ್ನಿನ ಬ್ರೋಕರ್ ಮೂಲಕ ಕೊಳ್ಳೋಕೆ ಹೊರಟಾಗ ಫೆರಾರಿ ಕಂಪನಿಯವರು ಕಾಗದ ಪತ್ರ ತಾಳೆ ನೋಡಿದ್ರು, ಇದು ಕದ್ದ ಕಾರು ಅಂತ ಗೊತ್ತಾಯ್ತು. ಬೆಲೆ ಸುಮಾರು 3,50,000 ಪೌಂಡ್. ಆ ಪ್ರಕಟಣೆ ಹೊತ್ತಿಗೆ ಇನ್ನೊಂದು ಕಾರು ಇನ್ನೂ ಸಿಕ್ಕಿರಲಿಲ್ಲ. ಸಿಗ್ನಲ್ ಕೊಡೋ ವಸ್ತು ಇಲ್ಲದ ಕಾರು ಗಡಿ ದಾಟಿದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೂ ಒಂದು ಮಾತು ನನ್ನನ್ನ ಕಾಡುತ್ತೆ, ಈ ವಿಡಿಯೊ ಮಾಡಿದ್ದೇ ಅದಕ್ಕೆ. 2025ರ ನವೆಂಬರ್ ಕೊನೆಯ ವಾರ ರಷ್ಯಾದಲ್ಲಿ ನೂರಾರು ಪೋರ್ಷೆಗಳು ಇದ್ದಕ್ಕಿದ್ದ ಹಾಗೆ ಸ್ಟಾರ್ಟ್ ಆಗದೆ ನಿಂತವು ಅಂತ ಸುದ್ದಿ ಬಂತು. ಮಾಸ್ಕೊ, ಕ್ರಾಸ್ನೊಡಾರ್ ಇಂಥ ಊರುಗಳಲ್ಲಿ. ಕಾರುಗಳ ಟ್ರ್ಯಾಕಿಂಗ್ ಮಾಡ್ಯೂಲ್‌ಗೆ ಸಂಪರ್ಕ ತಪ್ಪಿ, ಇದು ಕಳ್ಳತನವೇ ಇರಬೇಕು ಅಂದುಕೊಂಡು ಅದು ಎಂಜಿನ್ ತಡೆದಿದೆ ಅಂತ ಅಲ್ಲಿನ ದೊಡ್ಡ ಡೀಲರ್ ಸಂಸ್ಥೆ ರೋಲ್ಫ್ ಹೇಳ್ತು. ಪೋರ್ಷೆ 2022ರಲ್ಲೇ ರಷ್ಯಾಕ್ಕೆ ಕಾರು ಕಳಿಸೋದು ನಿಲ್ಲಿಸಿತ್ತು. ಕೆಲವರು ಗಂಟೆಗಟ್ಟಲೆ ಬ್ಯಾಟರಿ ಕಳಚಿಟ್ಟು ಸರಿಮಾಡಿಕೊಂಡ್ರು, ಕೆಲವರು ಆ ಮಾಡ್ಯೂಲ್ಲನ್ನೇ ಕಿತ್ತು ಹಾಕಿಸಿದ್ರು. ಆ ದೇಶದ ರಾಜಕೀಯ ಪಕ್ಕಕ್ಕಿಡಿ. ದುಡ್ಡು ಕೊಟ್ಟು ಕೊಂಡ ಕಾರು, ಮಾಲೀಕ ಎದುರಲ್ಲೇ ಇದ್ದಾನೆ, ಕೈಯಲ್ಲಿ ಅಸಲಿ ಕೀ ಇದೆ, ಆದ್ರೂ ಕಾರು ಅವನನ್ನ ಗುರುತಿಸಲ್ಲ ಅನ್ನುತ್ತೆ.

ಕಳ್ಳನನ್ನ ತಡೆಯೋ ಗುಂಡಿಯೇ ಮಾಲೀಕನನ್ನೂ ತಡೆಯಬಲ್ಲದು. ಸಂಪರ್ಕ ಕಡಿದಾಗ ಕಾರು ಯಾರ ಪರ ನಿಲ್ಲುತ್ತೆ ಅನ್ನೋದನ್ನ ಕೊಳ್ಳೋ ಮೊದಲೇ ಕೇಳ್ಬೇಕು, ಲಿಖಿತವಾಗಿ ಉತ್ತರ ಪಡೀಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಶೋರೂಮಿನಲ್ಲಿ ಸೀಟಿನ ಹೊಲಿಗೆ ಬಣ್ಣದ ಬಗ್ಗೆ ಅರ್ಧ ಗಂಟೆ ಮಾತಾಡ್ತೀವಿ, ಇದರ ಬಗ್ಗೆ ಅರ್ಧ ನಿಮಿಷವೂ ಇಲ್ಲ.

ನೆಟ್‌ವರ್ಕ್ ವಿಷಯವೂ ಇದರ ಜೊತೆಗೇ ಬರುತ್ತೆ. ಟ್ರ್ಯಾಕರ್ ಒಳಗಿರೋದು ಒಂದು ಸಿಮ್. ಅಮೆರಿಕದಲ್ಲಿ ಎಟಿ ಅಂಡ್ ಟಿ ಅನ್ನೋ ಮೊಬೈಲ್ ಕಂಪನಿ 2022ರ ಫೆಬ್ರವರಿಯಲ್ಲಿ 3ಜಿ ನಿಲ್ಲಿಸಿದಾಗ ಅದನ್ನೇ ನೆಚ್ಚಿಕೊಂಡಿದ್ದ ಹಳೇ ಕಾರುಗಳ ಸಂಪರ್ಕ ಸೇವೆಗಳು ಮೂಕವಾದವು. ಬ್ರಿಟನ್ನಿನಲ್ಲಿ ವೊಡಾಫೋನ್, ಇಇ ಅನ್ನೋ ಮೊಬೈಲ್ ಕಂಪನಿಗಳು 2024ರಲ್ಲಿ 3ಜಿ ಮುಚ್ಚಿದವು, 2ಜಿ ಕೂಡ 2033ರೊಳಗೆ ಹೋಗುತ್ತೆ. ಹತ್ತು ವರ್ಷ ಹಳೇ ಸ್ಪೋರ್ಟ್ಸ್ ಕಾರು ಕೊಳ್ಳೋರು, ಟ್ರ್ಯಾಕರ್ ಇದೆ ಅಂತ ಜಾಹೀರಾತಿನಲ್ಲಿ ಬರೆದಿದ್ದನ್ನ ಓದಿ ಸಂತೋಷಪಡಬೇಡಿ. ಅದು ಯಾವ ನೆಟ್‌ವರ್ಕ್ ಮೇಲೆ ಉಸಿರಾಡ್ತಿದೆ ಅಂತ ವಿಚಾರಿಸಿ.

ಇನ್ನೊಂದು, ಇದು ನನಗೇ ಆದದ್ದು. ನಾನು ಕಾರು ತಗೊಂಡು ಟ್ರ್ಯಾಕರ್ ಖಾತೆಯ ಹೆಸರು ಬದಲಾಯಿಸಲು ಅರ್ಜಿ ಹಾಕಿ, ಶುಲ್ಕ ಕಟ್ಟಿ ಎಷ್ಟೋ ದಿನ ಆದ ಮೇಲೂ ಎಚ್ಚರಿಕೆ ಕರೆಗಳು ಹಿಂದಿನ ಮಾಲೀಕರಿಗೇ ಹೋಗ್ತಿದ್ದವು. ಆ ಪುಣ್ಯಾತ್ಮರು ಪ್ರತಿ ಸಲ ನನಗೆ ಮೆಸೇಜ್ ಮಾಡ್ತಿದ್ರು. ಅವರ ಜಾಗದಲ್ಲಿ ಬೇರೆಯವರಿದ್ದು, ತಲೆನೋವು ಯಾಕೆ ಅಂತ ಫೋನ್ ಎತ್ತದೇ ಇದ್ದಿದ್ರೆ? ಅಲ್ಲಿ ತನಕ ನನ್ನ ಕಾರು ಹಗಲು ರಾತ್ರಿ ಎಲ್ಲೆಲ್ಲಿ ನಿಲ್ಲುತ್ತೆ ಅನ್ನೋದು ನನಗೆ ಪರಿಚಯವೇ ಇಲ್ಲದ ಒಬ್ಬರ ಖಾತೆಯಲ್ಲಿತ್ತು ಅನ್ನೋದೂ ಸಣ್ಣ ವಿಷಯ ಅಲ್ಲ.

ಬೆಂಗಳೂರಿನಿಂದ ನೋಡೋರು ಯಾವಾಗ್ಲೂ ಕೇಳ್ತೀರಿ, ಅಲ್ಲಿ ಸಿಗೋ ಸಣ್ಣ ಜಿಪಿಎಸ್ ಡಬ್ಬಿ ಸಾಕಾ ಅಂತ. ಕಾರು ಎಲ್ಲಿದೆ ಅಂತ ಫೋನಲ್ಲಿ ತೋರಿಸೋಕೆ ಸಾಕು. ಆದ್ರೆ ರಾತ್ರಿ ಎದ್ದು ಫೋನ್ ನೋಡೋರು ನೀವೇ, ಪೊಲೀಸರ ಜೊತೆ ಮಾತಾಡೋರೂ ನೀವೇ. ಒಳಗಿನ ಸಿಮ್ಮಿನ ರೀಚಾರ್ಜ್ ಮುಗಿದಿದೆಯಾ ಅಂತ ಈಗಲೇ ಹೋಗಿ ನೋಡಿ, ವಿಡಿಯೊ ಆಮೇಲೆ ನೋಡಬಹುದು. ಡಬ್ಬಿಯನ್ನ ಡ್ಯಾಶ್‌ಬೋರ್ಡ್ ಕೆಳಗೆ ಕೈಗೆ ಸಿಗೋ ಹಾಗೆ ಇಟ್ಟಿದ್ರೆ ಜಾಗ ಬದಲಾಯಿಸಿ.

ಇಲ್ಲಿರೋರಿಗೆ ಮತ್ತೊಂದು. 2025ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸಂಸತ್ತಿಗೆ ಒಂದು ಮಸೂದೆ ಬಂತು, ಕ್ರೈಮ್ ಅಂಡ್ ಪೊಲೀಸಿಂಗ್ ಬಿಲ್. ಕಾರು ಕದಿಯೋಕೆ ಬಳಸೋ ಇಂಥ ಎಲೆಕ್ಟ್ರಾನಿಕ್ ಯಂತ್ರ ಇಟ್ಕೊಳ್ಳೋದನ್ನೇ ಅಪರಾಧ ಮಾಡಿ ಐದು ವರ್ಷದವರೆಗೆ ಜೈಲು, ಮತ್ತು ಕದ್ದ ವಸ್ತು ಇಂಥ ಕಟ್ಟಡದಲ್ಲಿದೆ ಅಂತ ಟ್ರ್ಯಾಕರ್ ತೋರಿಸಿದ್ರೆ ವಾರಂಟ್ ಇಲ್ಲದೆ ಪೊಲೀಸರು ಒಳಗೆ ಹೋಗೋ ಅಧಿಕಾರ, ಇವೆರಡೂ ಅದರಲ್ಲಿದ್ದವು. ಚುಕ್ಕಿ ಕಣ್ಣೆದುರೇ ಮಿನುಗ್ತಿದ್ರೂ ಬಾಗಿಲ ಹೊರಗೆ ಕಾಯಬೇಕಾದ ಸಂಕಟ ಕಂಡವರಿಗೆ ಇದರ ಬೆಲೆ ಗೊತ್ತು.

ನನ್ನ ಡಾಕ್ಟರ್ ಸ್ನೇಹಿತರು ಈಗ ಕೀಯನ್ನ ಸಿಗ್ನಲ್ ತಡೆಯೋ ಚೀಲದಲ್ಲಿ ಹಾಕಿ ಮಹಡಿ ಮೇಲೆ ಇಡ್ತಾರೆ, ಕಾರ್ಡ್ ಪರ್ಸಿನಲ್ಲೇ. ಎರಡನ್ನೂ ಯಾವತ್ತೂ ಒಂದೇ ಗೊಂಚಲಿಗೆ ಹಾಕಬೇಡಿ. ನಿಮ್ಮಲ್ಲಿ ಯಾರಾದ್ರೂ ಕಾರು ಕಳ್ಕೊಂಡು ಟ್ರ್ಯಾಕರ್‌ನಿಂದ ವಾಪಸ್ ಪಡೆದಿದ್ರೆ ಕೆಳಗೆ ಬರೀರಿ. ಕರೆ ಎಷ್ಟು ಹೊತ್ತಿಗೆ ಬಂತು, ಪೊಲೀಸರು ಎಷ್ಟು ಹೊತ್ತಿಗೆ ಬಂದ್ರು, ಕಾರು ಎಲ್ಲಿ ಸಿಕ್ತು, ಈ ಮೂರು ಹೇಳಿ. ಮುಂದಿನ ವಿಡಿಯೊದಲ್ಲಿ ಅವನ್ನೆಲ್ಲ ಒಟ್ಟಿಗೆ ಇಟ್ಕೊಂಡು ಮಾತಾಡೋಣ.