ಕ್ಲಿಕ್ ಎಲ್ಲಿ ಬೇಕು, ಎಲ್ಲಿ ಬೇಡ: ಪಿಂಕ್ ಫ್ಲಾಯ್ಡ್ ಟ್ರಿಬ್ಯೂಟ್ ಬ್ಯಾಂಡಿನ ಲಯದ ಕೆಲಸ

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಹಾಡುಗಳನ್ನು ಮೂಲದಂತೆಯೇ ನುಡಿಸುವ ಟ್ರಿಬ್ಯೂಟ್ ಬ್ಯಾಂಡ್ ಕಟ್ಟಲು ಹೊರಟವರ ಬಳಿ ಸಾಮಾನಿನ ಪಟ್ಟಿ ಮೊದಲೇ ತಯಾರಿರುತ್ತದೆ. ಕಪ್ಪು ಸ್ಟ್ರಾಟೊಕಾಸ್ಟರ್ ಗಿಟಾರ್, 100 ವಾಟಿನ ಹೈವಾಟ್ ಆಂಪ್, ಬಿಗ್ ಮಫ್ ಪೆಡಲ್. ಅದೆಲ್ಲ ಆಮೇಲಿನ ಮಾತು. ವೇದಿಕೆಯಲ್ಲಿ ಈ ಹಾಡುಗಳು ಕೆಡುವುದು ಲಯದಲ್ಲಿ. ಇಲ್ಲಿ ಒಂದು ಪಾಲನ್ನು ಯಂತ್ರ ನುಡಿಸುತ್ತದೆ: ಲೂಪ್ (ಮತ್ತೆ ಮತ್ತೆ ಸುತ್ತುವ ಸದ್ದಿನ ತುಣುಕು), ಡಿಲೇ (ನುಡಿಸಿದ್ದನ್ನು ತುಸು ತಡವಾಗಿ ಮರುದನಿಸುವ ಸಾಧನ), ಸೀಕ್ವೆನ್ಸರ್ (ಮೊದಲೇ ತುಂಬಿಟ್ಟ ಸ್ವರಗಳನ್ನು ತಾನೇ ನುಡಿಸುವ ಯಂತ್ರ). ಉಳಿದದ್ದನ್ನು ಮನುಷ್ಯರು ನುಡಿಸುತ್ತಾರೆ, ಅವರ ವೇಗ ಏರಿಳಿಯುತ್ತದೆ. ಡ್ರಮ್ಮರ್‌ನ ಕಿವಿಗೆ ಕ್ಲಿಕ್, ಅಂದರೆ ಬೀಟ್ ತೋರಿಸುವ ಟಿಕ್ ಟಿಕ್ ಸದ್ದು, ಎಲ್ಲಿ ಕೊಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಪ್ರತಿ ಹಾಡಿಗೂ ಬೇರೆಯಾಗಿ ತೀರ್ಮಾನಿಸಬೇಕು.

ಕ್ಲಿಕ್ ಇಲ್ಲದೆ ಆಗುವುದೇ ಇಲ್ಲ ಎನ್ನುವ ಹಾಡು 1979ರ ‘ದಿ ವಾಲ್’ ಆಲ್ಬಮ್ಮಿನ ‘ರನ್ ಲೈಕ್ ಹೆಲ್’. ಆರನೇ ತಂತಿಯನ್ನು ಇ ಸ್ವರದಿಂದ ಡಿಗೆ ಇಳಿಸಿ, ಅಂಗೈ ಒತ್ತಿ ನುಡಿಸುವ ಗಿಟಾರ್ ಅದರದು. ಕೇಳುವಾಗ ಕೈ ಬಹಳ ವೇಗವಾಗಿ ಓಡುತ್ತಿದೆ ಅನ್ನಿಸುತ್ತದೆ. ನಿಜದಲ್ಲಿ ಕೈ ಹೊಡೆಯುವುದು ಬೀಟಿಗೆ ಎರಡೇ. ನಡುವಿನ ಸಂದನ್ನು ತುಂಬುವುದು ಡಿಲೇ. ಡಿಲೇ ಅವಧಿ ಮುಕ್ಕಾಲು ಬೀಟ್ ಇರಬೇಕು. ನಿಮಿಷಕ್ಕೆ 118 ಬೀಟ್ ಎಂದಾದರೆ ಒಂದು ಬೀಟ್ 508 ಮಿಲಿಸೆಕೆಂಡ್, ಅದರ ಮುಕ್ಕಾಲು 381. ಮರುದನಿಯ ಮಟ್ಟ ಮೂಲ ಧ್ವನಿಗೆ ಹೆಚ್ಚುಕಡಿಮೆ ಸಮವಾಗಿರಲಿ, ಇಲ್ಲದಿದ್ದರೆ ಸಂದು ತುಂಬುವುದಿಲ್ಲ.

ಇಲ್ಲಿ ಎಡವುವ ರೀತಿ ಎರಡು. ಡಿಲೇ ಅವಧಿ ಹೊಂದಿಸುವ ಟ್ಯಾಪ್ ಗುಂಡಿಯನ್ನು ಬೀಟಿಗೆ ಸರಿಯಾಗಿ ಒತ್ತಿ, ಮುಕ್ಕಾಲಿನ ಸೆಟ್ಟಿಂಗ್ ಮರೆತರೆ ಡಿಲೇ 508ಕ್ಕೆ ನಿಲ್ಲುತ್ತದೆ. ಮರುದನಿ ಮುಂದಿನ ಬೀಟಿನ ಹೊಡೆತದ ಮೇಲೇ ಬಿದ್ದು ಮುಚ್ಚಿಹೋಗುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಉತ್ಸಾಹದಲ್ಲಿ ಡ್ರಮ್ಮರ್ 122ಕ್ಕೆ ಏರಿದರೆ ಬೇಕಾದ ಡಿಲೇ 369. ಪೆಡಲ್ ಮಾತ್ರ 381ರಲ್ಲೇ ಕೂತಿರುತ್ತದೆ. ಒಂದು ಮರುದನಿಗೆ 12 ಮಿಲಿಸೆಕೆಂಡ್ ತಡ. ಐದನೆಯದಕ್ಕೆ ಬರುವಷ್ಟರಲ್ಲಿ 60. ಯಾರು ತಪ್ಪಿದರೆಂದು ತಿಳಿಯದೆ ಎಲ್ಲರೂ ಗಿಟಾರಿನವರನ್ನು ನೋಡುತ್ತಾರೆ, ಪಾಪ.

‘ಮನಿ’ಯದು ಇದಕ್ಕೆ ತಿರುಗಾಮುರುಗಾ. 1973ರ ಈ ಹಾಡು ನಾಣ್ಯ, ಕ್ಯಾಶ್ ರಿಜಿಸ್ಟರ್, ಕಾಗದ ಹರಿಯುವ ಸದ್ದುಗಳ ಲೂಪಿನಿಂದ ತೊಡಗುತ್ತದೆ. ಏಳು ಬೀಟಿಗೆ ಏಳು ಸದ್ದು. ಪಿಂಕ್ ಫ್ಲಾಯ್ಡ್ ತಂಡದವರು ಟೇಪಿನ ತುಂಡುಗಳನ್ನು ಅಳೆದು ಅಂಟಿಸಿದ್ದರು. ನೀವು ಆಲ್ಬಮ್ಮಿನಿಂದ ಎತ್ತಿಕೊಳ್ಳಬೇಡಿ. ಧ್ವನಿಮುದ್ರಣದ ಹಕ್ಕು ಹಾಡಿನ ಹಕ್ಕಿಗಿಂತ ಬೇರೆ. ಸದ್ದುಗಳನ್ನು ನೀವೇ ರೆಕಾರ್ಡ್ ಮಾಡಿ. 120ರ ವೇಗಕ್ಕೆ ಒಂದು ಸದ್ದಿಗೆ 500 ಮಿಲಿಸೆಕೆಂಡ್, ಇಡೀ ಲೂಪ್ 3.5 ಸೆಕೆಂಡ್. ಬೀಟಿನ ಮೇಲೆ ಕೂರಬೇಕಾದ್ದು ಫೈಲಿನ ಮೊದಲ ತುದಿಯಲ್ಲ, ಸದ್ದಿನ ಪೆಟ್ಟು. ಗಲ್ಲಾಪೆಟ್ಟಿಗೆಯ ಡ್ರಾಯರ್ ಮೊದಲು ಕಿರುಗುಟ್ಟಿ ಆಮೇಲೆ ಢಣ್ ಅನ್ನುತ್ತದೆ; ತುದಿ ನೋಡಿ ಜೋಡಿಸಿದರೆ ಲೂಪ್ ಕುಂಟುತ್ತದೆ.

ಬ್ಯಾಂಡ್ ಪೂರ್ತಿ ಸೇರಿದ ಮೇಲೆ ಲೂಪನ್ನು ಮೆಲ್ಲಗೆ ತಗ್ಗಿಸಿ ಕ್ಲಿಕ್ಕನ್ನೂ ನಿಲ್ಲಿಸಿ. ಮೂಲದಲ್ಲೇ ವೇಗ ಏರುತ್ತದೆ, ಅದನ್ನು ಕಟ್ಟಿಹಾಕಿದರೆ ಹಾಡು ಸಪ್ಪೆ. ಸ್ಯಾಕ್ಸೋಫೋನ್ ಸೋಲೋ ಏಳು ಬೀಟಿನ ಎಣಿಕೆಯಲ್ಲೇ ಇದೆ, ಗಿಟಾರ್ ಸೋಲೋ ಮಾತ್ರ ನಾಲ್ಕಕ್ಕೆ ತಿರುಗುತ್ತದೆ. ಕರ್ನಾಟಕ ಸಂಗೀತದ ಏಳೆಣಿಕೆಯ ಮಿಶ್ರಛಾಪು ತಾಳ ಕೇಳಿ ಬೆಳೆದ ಕಿವಿಗೆ ಏಳು ಕಷ್ಟವಲ್ಲ. ಅಷ್ಟು ಹೊತ್ತು ನಾಲ್ಕರಲ್ಲಿ ಓಡಿ ಮರಳಿ ಏಳಕ್ಕೆ ಬರುವುದೇ ಕಷ್ಟ. ಯಾರಾದರೂ ಒಬ್ಬರು ಎಂಟನೆಯ ಎಣಿಕೆ ಸೇರಿಸಿಬಿಡುತ್ತಾರೆ. ಆ ತಿರುವನ್ನಷ್ಟೇ, ಮುಂಚಿನ ನಾಲ್ಕು ಬಾರ್ (ಎಣಿಕೆಯ ಒಂದೊಂದು ಆವರ್ತ) ಮತ್ತು ಆಮೇಲಿನ ನಾಲ್ಕು ಬಾರ್ ಜೊತೆಗೆ, ಪದೇಪದೇ ನುಡಿಸಿ. ಗಿಟಾರ್ ಸೋಲೋದ ಮೂರು ಸುತ್ತಿನಲ್ಲಿ ನಡುವಿನದಕ್ಕೆ ಡಿಲೇ, ರಿವರ್ಬ್ (ಕೋಣೆಯ ಗುಂಗಿನಂಥ ಪರಿಣಾಮ) ಎಲ್ಲ ಆರಿಸಿ ಒಣಗಿಸಬೇಕು. ಅದನ್ನು ಮರೆತರೆ ಮೂರನೆಯ ಸುತ್ತು ಅರಳಿಕೊಳ್ಳಲು ಜಾಗವೇ ಉಳಿಯುವುದಿಲ್ಲ.

1975ರ ‘ಶೈನ್ ಆನ್ ಯೂ ಕ್ರೇಜಿ ಡೈಮಂಡ್’ ಆರಂಭಕ್ಕೆ ಕ್ಲಿಕ್ ಖಂಡಿತ ಬೇಡ. ಅಲ್ಲಿ ಬೀಟೇ ಇಲ್ಲ. ಗಿಟಾರಿನ ನಾಲ್ಕು ಸ್ವರ ಬಿ-ಫ್ಲ್ಯಾಟ್, ಎಫ್, ಜಿ, ಇ. ಒಂದರ ಮೇಲೊಂದು ಮೊಳಗುತ್ತಲೇ ಇರಬೇಕು, ಬೆರಳು ಎತ್ತಬಾರದು. ಹಾಡು ಜಿ ಮೈನರ್ ಸ್ಕೇಲಿನದು, ಅದರಲ್ಲಿ ಇರಬೇಕಾದ್ದು ಇ-ಫ್ಲ್ಯಾಟ್. ಕೊನೆಯ ಇ ಹೊರಗಿನದು, ಅದಕ್ಕೇ ಅದು ಚುಚ್ಚುತ್ತದೆ. ಕೀಬೋರ್ಡಿನವರು ಅಭ್ಯಾಸಬಲದಿಂದ ಇ-ಫ್ಲ್ಯಾಟ್ ಹಿಡಿದಿದ್ದರೆ ಎಲ್ಲ ಕೆಟ್ಟಿತು. ಮುಂದೆ ಸ್ಯಾಕ್ಸೋಫೋನ್ ಬ್ಯಾರಿಟೋನಿನಿಂದ ಟೆನರ್‌ಗೆ ಬದಲಾಗುತ್ತದೆ. ಎರಡನೆಯದು ಸ್ಟ್ಯಾಂಡಿನಲ್ಲಿ, ಕೈಗೆಟಕುವಲ್ಲಿ ಇರಲಿ.

‘ರನ್ ಲೈಕ್ ಹೆಲ್’ಗೆ ತಂತಿ ಇಳಿಸಿದ ಗಿಟಾರ್ ಪ್ರತ್ಯೇಕವಾಗಿರಲಿ. ‘ಹೇ ಯೂ’ಗೂ ಒಂದು ಅಕೂಸ್ಟಿಕ್ ಬೇರೆಯೇ ಬೇಕು, ಅದರ ಆರನೇ ತಂತಿಯ ಜಾಗದಲ್ಲಿ ಎರಡು ಸ್ಥಾಯಿ ಮೇಲಿನ ತೆಳು ತಂತಿ. ಬೇಸ್ ಫ್ರೆಟ್‌ಲೆಸ್ ಆಗಿರಬೇಕು. ಕತ್ತಿನ ಮೇಲೆ ಫ್ರೆಟ್ (ಅಡ್ಡ ಪಟ್ಟಿ) ಇದ್ದರೆ ಸ್ವರದ ಜಾರು ಮೆಟ್ಟಿಲು ಮೆಟ್ಟಿಲಾಗುತ್ತದೆ.

ವೈರಿಂಗ್ ಬಗ್ಗೆ ಒಂದು ಮಾತು. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಎಡಗಡೆ ಸದ್ದು, ಬಲಗಡೆ ಕ್ಲಿಕ್ ಎಂದು ಹಂಚುವವರಿದ್ದಾರೆ. ನಡೆಯುತ್ತದೆ, ಆದರೆ ಎರಡು ಕೇಬಲ್ ಅದಲುಬದಲಾದ ಸಂಜೆ ಸಭಾಂಗಣಕ್ಕೆಲ್ಲ ಟಿಕ್ ಟಿಕ್ ಕೇಳುತ್ತದೆ. ನಾಲ್ಕು ಔಟ್‌ಪುಟ್ಟಿನ ಸೌಂಡ್ ಕಾರ್ಡ್ ತನ್ನಿ: ಒಂದು, ಎರಡು ಸಭೆಗೆ, ಮೂರು ಕ್ಲಿಕ್ಕಿಗೆ. ಪ್ರತಿ ಕೇಬಲ್ಲಿನ ಎರಡೂ ತುದಿಗೆ ಬಣ್ಣದ ಟೇಪ್ ಸುತ್ತಿ.

ಲ್ಯಾಪ್‌ಟಾಪ್ ಮಧ್ಯದಲ್ಲಿ ಕೈಕೊಟ್ಟರೆ ಎಣಿಕೆ ಕೊಡುವವರು ಯಾರೆಂಬುದು ಮೊದಲೇ ಗೊತ್ತಿರಬೇಕು. ‘ಮನಿ’ಯಲ್ಲಿ ಅದು ಬೇಸ್ ನುಡಿಸುವವರು. ಲೂಪ್ ಬರದಿದ್ದರೆ ಎರಡು ಬಾರ್ ಕಾದು ನೇರ ರಿಫ್ಫಿಗೆ, ಅಂದರೆ ಹಾಡಿನಲ್ಲಿ ಮರಳಿ ಮರಳಿ ಬರುವ ಬೇಸಿನ ಸ್ವರಸಾಲಿಗೆ, ಇಳಿಯಲಿ.