ಕದಿರು, ಲಾಳಿ, ಕೂಲಿ

ಎಲ್ಲರಿಗೂ ನಮಸ್ಕಾರ. ಕೈಗಾರಿಕೆ ಬಂದಮೇಲೆಯೇ ಹೆಂಗಸರು ದುಡಿಯಲು ಹೊರಟರು ಅನ್ನುವ ಮಾತನ್ನು ಮೊದಲು ಬದಿಗಿಡೋಣ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಂದು ಕೈಮಗ್ಗಕ್ಕೆ ಸಾಲುವಷ್ಟು ನೂಲು ತೆಗೆಯಲು ನಾಲ್ಕಾರು ರಾಟೆ ಬೇಕಿತ್ತು. ಅವುಗಳ ಮುಂದೆ ಕೂತವರು ಬಹುಪಾಲು ಹೆಂಗಸರು. ಒಲೆ ನೋಡಿಕೊಂಡು, ತೊಟ್ಟಿಲು ತೂಗಿಕೊಂಡು ನೂತ ನೂಲಿಗೆ ನಾಲ್ಕು ಕಾಸು ಬರುತ್ತಿತ್ತು. ಆದರೆ ಅದು ಮನೆಯ ಗಳಿಕೆಯೊಳಗೆ ಕರಗಿಹೋಗುತ್ತಿತ್ತು.

ಹಾರ್ಗ್ರೀವ್ಸ್ ಕಟ್ಟಿದ ಮೊದಲ ‘ಜೆನ್ನಿ’ ನೂಲುವ ಯಂತ್ರಕ್ಕೆ ಎಂಟು ಕದಿರು (ನೂಲು ಸುತ್ತಿಕೊಳ್ಳುವ ಕಡ್ಡಿ), ಮನೆಯೊಳಗೇ ಹಿಡಿಯುತ್ತಿತ್ತು. ಆರ್ಕ್‌ರೈಟನ ನೂಲುವ ಯಂತ್ರವನ್ನು ಓಡಿಸುತ್ತಿದ್ದುದು ಹರಿಯುವ ನೀರು. 1771ರಲ್ಲಿ ಅವನು ಕ್ರಾಮ್‌ಫರ್ಡ್‌ನಲ್ಲಿ ಗಿರಣಿ ಕಟ್ಟಲು ಹೊರಟ. ಗಿರಣಿ ನೂಲು ಅಗ್ಗವಾದಂತೆ ಕೈನೂಲನ್ನು ಕೇಳುವವರಿಲ್ಲವಾಯಿತು. ಗಿರಣಿಯಿಂದ ದೂರವಿದ್ದ ಹಳ್ಳಿಗಳ ಹೆಂಗಸರಿಗೆ ಇದ್ದ ಗಳಿಕೆಯೂ ಹೋಯಿತು. ಇದನ್ನು ಹೇಳುವವರು ಕಡಿಮೆ.

ಗಿರಣಿಯೊಳಗೆ ಯಾವ ಯಂತ್ರ ಯಾರ ಪಾಲಾಯಿತು ನೋಡಿ. ಮ್ಯೂಲ್ ಎಂಬ ನೂಲುವ ಯಂತ್ರದಲ್ಲಿ ಕದಿರು ಹೊತ್ತ ಭಾರದ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಬೇಕು, ಅದಕ್ಕೆ ಗಂಡಸಿನ ರಟ್ಟೆಯೇ ಬೇಕು ಎಂದರು. 1830ರ ಹೊತ್ತಿಗೆ ಆ ಗಾಡಿ ತಾನಾಗಿಯೇ ಓಡತೊಡಗಿತು, ಆದರೂ ಕೆಲಸ ಗಂಡಸರಲ್ಲೇ ಉಳಿಯಿತು. ಎಳೆ ಜೋಡಿಸುವ ಹುಡುಗರ ಮೇಲಿನ ಅಧಿಕಾರ, ಗಟ್ಟಿಯಾದ ಸಂಘ, ಎರಡೂ ಅವರ ಕೈಯಲ್ಲಿದ್ದವು. ರಟ್ಟೆಯ ಮಾತು ಬರೀ ನೆಪ.

ಆದರೆ ಯಂತ್ರಮಗ್ಗಕ್ಕೆ ಹೆಂಗಸರು ಬಂದರು. ಇಂಗ್ಲೆಂಡಿನ ಲಂಕಾಷೈರ್ ಜಿಲ್ಲೆಯ ನೇಯ್ಗೆಯಲ್ಲಿ ಬಟ್ಟೆಯ ಲೆಕ್ಕದ ಮೇಲೆ ಕೂಲಿ, ಗಂಡಸಿಗೂ ಹೆಂಗಸಿಗೂ ಒಂದೇ ದರ. ಆ ಕಾಲಕ್ಕೆ ಇದು ಅಪರೂಪ. ಆದರೆ ಮಗ್ಗ ರಿಪೇರಿ ಮಾಡುವ ಮೇಸ್ತ್ರಿ ಗಂಡಸೇ. ಅವನ ಸಂಬಳ ನೇಯುವವರ ಗಳಿಕೆಯನ್ನು ಅವಲಂಬಿಸಿತ್ತು, ಹಾಗಾಗಿ ಬೆನ್ನು ಬಿಡದೆ ದುಡಿಸುತ್ತಿದ್ದ.

ಲೆಕ್ಕದ ಕೂಲಿ ಮೈಗೆ ಏನು ಮಾಡಿತು ಅನ್ನುವುದು ಅಡ್ಡನೂಲನ್ನು ಮಗ್ಗದ ಆಚೀಚೆ ಒಯ್ಯುವ ಲಾಳಿಯಲ್ಲಿ ಕಾಣುತ್ತದೆ. ಅದರೊಳಗಿನ ಕಂಡಿಕೆಯ (ನೂಲು ಸುತ್ತಿದ ಕೊಳವೆಯ) ನೂಲು ಕೆಲವೇ ನಿಮಿಷಕ್ಕೆ ಮುಗಿಯುತ್ತದೆ. ಮಗ್ಗ ನಿಲ್ಲಿಸಿ, ಹೊಸ ಕಂಡಿಕೆ ಹಾಕಿ, ಎಳೆಯ ತುದಿಯನ್ನು ಲಾಳಿಯ ಪಕ್ಕದ ಸಣ್ಣ ತೂತಿನಿಂದ ಹೊರಗೆ ತರಬೇಕು. ಕೊಕ್ಕೆಯಿಂದ ಎಳೆಯಬಹುದು, ಆದರೆ ನಿಂತ ಮಗ್ಗಕ್ಕೆ ಕೂಲಿಯಿಲ್ಲ. ಹಾಗಾಗಿ ತೂತಿಗೆ ಬಾಯಿಟ್ಟು ಒಮ್ಮೆ ಜೋರಾಗಿ ಹೀರುವುದೇ ರೂಢಿಯಾಯಿತು. ಎಳೆಯ ಜೊತೆ ಹತ್ತಿಯ ದೂಳು, ಎಣ್ಣೆ, ಬಣ್ಣ ಎಲ್ಲ ಬಾಯಿಗೆ. ಅದೇ ಲಾಳಿಗೆ ಮತ್ತೊಬ್ಬಳ ಬಾಯಿ, ರೋಗವೂ ದಾಟುತ್ತಿತ್ತು. ಇದಕ್ಕೆ ‘ಲಾಳಿಗೆ ಮುತ್ತಿಡುವುದು’ ಎಂಬ ಹೆಸರು ಬೇರೆ! ಅಮೆರಿಕದ ಮ್ಯಾಸಚೂಸೆಟ್ಸ್ ಇದನ್ನು ನಿಷೇಧಿಸಿದ್ದು 1911ರಲ್ಲಿ.

ಕಾನೂನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಿತು. ಬ್ರಿಟನ್ನಿನ 1842ರ ಕಾಯಿದೆ ಗಣಿಯೊಳಗೆ ಹೆಂಗಸರು ಇಳಿಯದಂತೆ ತಡೆಯಿತು, ಪ್ರಾಣಾಪಾಯದ ಜೊತೆ ಕೂಲಿಯೂ ತಪ್ಪಿತು. 1847ರ ಕಾಯಿದೆ ಬಟ್ಟೆ ಗಿರಣಿಗಳಲ್ಲಿ ಅವರ ದಿನದ ದುಡಿಮೆಯನ್ನು 10 ಗಂಟೆಗೆ ಇಳಿಸಿತು. ಅವರು ಎದ್ದುಹೋದ ಮೇಲೆ ಗಿರಣಿ ನಡೆಸುವುದು ಕಷ್ಟವಾದ್ದರಿಂದ ಗಂಡಸರಿಗೂ ಬಿಡುವು ಸಿಕ್ಕಿತು.

ಹೀಗೆ ದುಡಿದ ಕೂಲಿ ಯಾರದ್ದು? ಇಂಗ್ಲೆಂಡಿನ ಕಾನೂನಿನ ಪ್ರಕಾರ 1870ರವರೆಗೂ ಮದುವೆಯಾದವಳ ಕೂಲಿಗೆ ಗಂಡನೇ ಒಡೆಯ. ಆ ವರ್ಷದ ಕಾಯಿದೆ ಅದನ್ನು ಅವಳದ್ದಾಗಿಸಿತು, 1882ರಲ್ಲಿ ಉಳಿದ ಆಸ್ತಿಯೂ ಸೇರಿತು. ಕೂಲಿ ಕೈಗೆ ಬಂದವರು ಮತವನ್ನೂ ಕೇಳಿದರು. 1901ರಲ್ಲಿ ಲಂಕಾಷೈರಿನ ಹತ್ತಿ ಗಿರಣಿಗಳ ಹೆಂಗಸರು 29,000ಕ್ಕೂ ಹೆಚ್ಚು ಸಹಿಗಳ ಮನವಿಯನ್ನು ಪಾರ್ಲಿಮೆಂಟಿಗೆ ಒಯ್ದರು. 1918ರಲ್ಲಿ ಮತ ಸಿಕ್ಕಿತು, ಅದೂ 30 ತುಂಬಿದವರಿಗೆ, ಮನೆ-ಆಸ್ತಿಯ ಷರತ್ತಿನೊಂದಿಗೆ. ಗಿರಣಿಯಲ್ಲಿ ತುಂಬಿದ್ದ ಚಿಕ್ಕ ವಯಸ್ಸಿನ ಹುಡುಗಿಯರು ಇನ್ನೂ ಹತ್ತು ವರ್ಷ ಕಾಯಬೇಕಾಯಿತು.