ಜೋಮ್‌ಸೋಮ್‌ನ ಗಾಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ನೇಪಾಳದ ಮುಕ್ತಿನಾಥಕ್ಕೆ ಹೋಗಿಬರುವವರು ನಮ್ಮ ಕಡೆ ಕಡಿಮೆಯೇನಿಲ್ಲ. ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಅದೂ ಒಂದು. ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಸಿಗುವುದೂ ಆ ಸೀಮೆಯಲ್ಲಿ ಹರಿಯುವ ಕಾಳಿ ಗಂಡಕಿಯಲ್ಲೇ. ಯಾತ್ರಿಕರು ಪೋಖರಾ ಊರಿನಿಂದ ಪುಟ್ಟ ವಿಮಾನ ಹತ್ತಿ ಇಪ್ಪತ್ತು ನಿಮಿಷದಲ್ಲಿ ಮುಕ್ತಿನಾಥಕ್ಕೆ ಹತ್ತಿರದ ಊರಾದ ಜೋಮ್‌ಸೋಮ್‌ನಲ್ಲಿ ಇಳಿಯುತ್ತಾರೆ. ರಸ್ತೆ ಹಿಡಿದರೆ ಹೆಚ್ಚುಕಡಿಮೆ ಇಡೀ ದಿನ. ಇವತ್ತು ನಾನು ಹೇಳಹೊರಟಿರುವುದು ಈ ಜೋಮ್‌ಸೋಮ್ ನಿಲ್ದಾಣದ ಬಗ್ಗೆ, ಅಲ್ಲಿ 2013ರ ಮೇ 16ರ ಬೆಳಗ್ಗೆ ನಡೆದ ಒಂದು ಅಪಘಾತದ ಬಗ್ಗೆ.

ಮೊದಲು ಜಾಗ ಎಂಥದ್ದು ನೋಡೋಣ. ಸಮುದ್ರ ಮಟ್ಟದಿಂದ ಸುಮಾರು 2,700 ಮೀಟರ್ ಎತ್ತರ. ಓಡುದಾರಿಯ, ಅಂದರೆ ರನ್‌ವೇಯ, ಉದ್ದ ಮುಕ್ಕಾಲು ಕಿಲೋಮೀಟರಿಗೂ ತುಸು ಕಡಿಮೆ. ಬೆಂಗಳೂರು ವಿಮಾನ ನಿಲ್ದಾಣದ ಓಡುದಾರಿಯಲ್ಲಿ ಐದನೇ ಒಂದು ಪಾಲೂ ಅಲ್ಲ. ಪಕ್ಕದಲ್ಲೇ ನದಿ. ಕಣಿವೆಯ ಒಂದು ಮಗ್ಗುಲಲ್ಲಿ 8,167 ಮೀಟರಿನ ಧವಳಗಿರಿ, ಇನ್ನೊಂದು ಮಗ್ಗುಲಲ್ಲಿ 8,091 ಮೀಟರಿನ ಅನ್ನಪೂರ್ಣ. ಈ ಎರಡರ ನಡುವಿನ ಸಂದಿಯಲ್ಲೇ ನದಿ ದಕ್ಷಿಣಕ್ಕೆ ಇಳಿಯುತ್ತದೆ, ಅದೇ ಸಂದಿಯಲ್ಲಿ ಗಾಳಿ ಉತ್ತರಕ್ಕೆ ಏರುತ್ತದೆ.

ಈ ಗಾಳಿಯ ಕಥೆಯೇ ಬೇರೆ. ಬಿಸಿಲೇರಿದಂತೆ ಉತ್ತರದ ಮುಸ್ತಾಂಗ್ ಮತ್ತು ಟಿಬೆಟ್ ಕಡೆಯ ಬೋಳು ನೆಲ ಕಾಯುತ್ತದೆ. ಅಲ್ಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಆ ತೆರವು ತುಂಬಲು ದಕ್ಷಿಣದ ತಂಪುಗಾಳಿ ಕಣಿವೆಯ ಕಿರಿದಾದ ಬಾಯಿಂದ ನುಗ್ಗಿ ಬರುತ್ತದೆ. ಸಂದಿ ದಾಟಿ ಜೋಮ್‌ಸೋಮ್ ಕಡೆಗೆ ಬರುವಷ್ಟರಲ್ಲಿ ಅದಕ್ಕೆ ವೇಗ ಕೂಡಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಂಟೆಗೆ ಐವತ್ತು, ಅರವತ್ತು ಕಿಲೋಮೀಟರ್ ವೇಗ ಅಲ್ಲಿ ಮಾಮೂಲು. ನದಿಯ ಪಾತ್ರದ ಧೂಳು ಎದ್ದು ಕಣ್ಣು ಬಿಡಲಾಗುವುದಿಲ್ಲ, ಉರುಟು ಕಲ್ಲುಗಳ ಬಯಲಲ್ಲಿ ನಡೆಯುವವರು ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ಆ ಕಣಿವೆಯ ಮರಗಳು ಎಷ್ಟೋ ಕಡೆ ಉತ್ತರಕ್ಕೆ ವಾಲಿಕೊಂಡೇ ಬೆಳೆದಿವೆ. ಸಂಜೆ ಕಳೆದ ಮೇಲೆ ಎಲ್ಲವೂ ಶಾಂತ. ಮರುದಿನ ಮತ್ತೆ ಅದೇ. ಹೀಗಾಗಿ ಅಲ್ಲಿ ವಿಮಾನಗಳ ಹಾರಾಟವೆಲ್ಲ ಬೆಳಗಿನ ಹೊತ್ತಿನಲ್ಲೇ ಮುಗಿಯಬೇಕು.

ಆ ದಿನ ಪೋಖರಾದಿಂದ ಹೊರಟದ್ದು ನೇಪಾಳ ಏರ್‌ಲೈನ್ಸ್‌ನ ಟ್ವಿನ್ ಆಟರ್ ವಿಮಾನ. ಎರಡು ಎಂಜಿನ್‌ಗಳ, ಇಪ್ಪತ್ತು ಜನರ ಆಸುಪಾಸು ಹಿಡಿಸುವ, ಚಿಕ್ಕ ಜಾಗದಲ್ಲಿ ಇಳಿಯಲೆಂದೇ ಹೆಸರಾದ ಕೆನಡಾದ ವಿಮಾನ. ಒಳಗೆ ಜಪಾನಿನ ಪ್ರವಾಸಿಗರೂ ಸೇರಿ 18 ಪ್ರಯಾಣಿಕರು, ಮೂವರು ಸಿಬ್ಬಂದಿ. ಗಂಟೆ ಬೆಳಗಿನ ಎಂಟೂವರೆಯ ಸುಮಾರು. ದೊಡ್ಡ ಗಾಳಿ ಇನ್ನೂ ಎದ್ದಿರಲಿಲ್ಲ.

ನಿಲ್ದಾಣದ ನಿಯಂತ್ರಣ ಗೋಪುರದಿಂದ ವಿಮಾನಕ್ಕೆ ಸುದ್ದಿ ಹೋಯಿತು: ಗಾಳಿ ನೈಋತ್ಯದಿಂದ, 8ರಿಂದ 12 ನಾಟ್. ಅಂದರೆ ಗಂಟೆಗೆ 15ರಿಂದ 22 ಕಿಲೋಮೀಟರ್. ನಮ್ಮ ಬಯಲುಸೀಮೆಯಲ್ಲಿ ಆಷಾಢದ ಗಾಳಿ ಇದಕ್ಕಿಂತ ಜೋರಾಗಿ ಬೀಸುತ್ತದೆ. ಜೋಮ್‌ಸೋಮ್‌ನ ಓಡುದಾರಿಯ ಎರಡು ತುದಿಗಳಿಗೆ 06 ಮತ್ತು 24 ಎಂಬ ಅಂಕಿ. 24ರ ಕಡೆಯಿಂದ ಇಳಿದರೆ ಮುಖ ನೈಋತ್ಯಕ್ಕೆ, ಗಾಳಿ ಎದುರಿಗೆ. 06ರ ಕಡೆಯಿಂದ ಇಳಿದರೆ ಗಾಳಿ ಬೆನ್ನಿಗೆ. ಗೋಪುರ ಸೂಚಿಸಿದ್ದು 24. ಕ್ಯಾಪ್ಟನ್ ಆರಿಸಿಕೊಂಡದ್ದು 06. ದಕ್ಷಿಣದಿಂದ ಬರುವ ವಿಮಾನಕ್ಕೆ 06 ನೇರದ ದಾರಿ. 24ಕ್ಕೆ ಇಳಿಯಬೇಕಾದರೆ ನಿಲ್ದಾಣ ದಾಟಿ ಮುಂದೆ ಹೋಗಿ, ಬೆಟ್ಟಗಳ ನಡುವೆಯೇ ತಿರುಗಿ ಬರಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರಿಸಬೇಡಿ. ವಿಮಾನವನ್ನು ಎತ್ತಿ ಹಿಡಿಯುವುದು ಗಾಳಿಯೊಳಗಿನ ಅದರ ವೇಗ. ಆದರೆ ಬ್ರೇಕು ನಿಲ್ಲಿಸಬೇಕಾದ್ದು ನೆಲದ ಮೇಲಿನ ವೇಗವನ್ನು. ಗಾಳಿಯಲ್ಲಿ 70 ನಾಟ್ ವೇಗ ಇಟ್ಟುಕೊಂಡು ಬರುವ ವಿಮಾನಕ್ಕೆ ಎದುರಿನಿಂದ 10 ನಾಟ್ ಗಾಳಿಯಿದ್ದರೆ ನೆಲದ ಮೇಲೆ ಅದು 60 ನಾಟ್. ಅದೇ ಗಾಳಿ ಬೆನ್ನಿಗಿದ್ದರೆ 80. ನಿಲ್ಲಿಸಬೇಕಾದ ಶಕ್ತಿ ವೇಗದ ವರ್ಗದಂತೆ ಏರುವುದರಿಂದ ಅದು ಹತ್ತಿರಹತ್ತಿರ 1.8 ಪಟ್ಟು ಆಗುತ್ತದೆ. ಅಷ್ಟೆತ್ತರದಲ್ಲಿ ಗಾಳಿಯೂ ತೆಳು. ಕೆಳಗಿನ ಊರುಗಳಲ್ಲಿ ಇಳಿಯುವುದಕ್ಕಿಂತ ಅಲ್ಲಿ ಇನ್ನಷ್ಟು ಜೋರಾಗಿಯೇ ಇಳಿಯಬೇಕಾಗುತ್ತದೆ. ಚಿಕ್ಕ ಗಾಳಿ, ಚಿಕ್ಕ ದಾರಿ ಎರಡೂ ಕೂಡಿದಾಗ ತಪ್ಪಿಗೆ ಉಳಿಯುವ ಅವಕಾಶ ತೀರಾ ಕಡಿಮೆ.

ಚಕ್ರಗಳು ನೆಲ ಮುಟ್ಟಿದ್ದು ಓಡುದಾರಿಯ ಆರಂಭದಿಂದ ಏಳುನೂರು ಅಡಿಗೂ ಮುಂದೆ. ವಿಮಾನ ಬಲಕ್ಕೆ ಸರಿದು ಹುಲ್ಲಿಗಿಳಿಯಿತು, ಮತ್ತೆ ದಾರಿಗೆ ಬಂತು. ಆಗ ನಿಲ್ಲಿಸುವ ಬದಲು ಮತ್ತೆ ಮೇಲೇರುವ ಪ್ರಯತ್ನ ನಡೆಯಿತು. ಎಂಜಿನ್‌ಗೆ ಶಕ್ತಿ ಕೊಟ್ಟರೂ ಏರುವಷ್ಟು ವೇಗ ಕೂಡಲಿಲ್ಲ, ವೇಗ ಕೂಡುವಷ್ಟು ದಾರಿ ಉಳಿದಿರಲಿಲ್ಲ. ಬೇಲಿ ಮುರಿದುಕೊಂಡು ಹೋಗಿ ವಿಮಾನ ಗಂಡಕಿಯ ದಡಕ್ಕೆ ಉರುಳಿತು. ಎಡರೆಕ್ಕೆ ನೀರಿನಲ್ಲಿ. ಬೆಂಕಿ ಹತ್ತಲಿಲ್ಲ. ಕೆಲವರಿಗೆ ತೀವ್ರ ಪೆಟ್ಟಾಯಿತು, ಆದರೆ 21 ಜನರೂ ಬದುಕಿದರು.

ತನಿಖಾ ಆಯೋಗ ಇದನ್ನು ಗಾಳಿಯ ಮೇಲೆ ಹೊರಿಸಲಿಲ್ಲ. ಇಳಿಸಿದ ರೀತಿ ಸರಿಯಿರಲಿಲ್ಲ, ಸಾಕಷ್ಟು ವೇಗವೂ ದಾರಿಯೂ ಇಲ್ಲದೆ ಮತ್ತೆ ಏರಲು ಹೋದದ್ದು ತಪ್ಪು ಎಂದಿತು. ನನಗೂ ಅದೇ ಸರಿ ಎನಿಸುತ್ತದೆ. ಗಾಳಿ ಎಲ್ಲಿಂದ ಎಷ್ಟು ಬೀಸುತ್ತಿದೆ ಎಂಬ ಸುದ್ದಿ ವಿಮಾನಕ್ಕೆ ಮುಂಚೆಯೇ ತಲುಪಿತ್ತಲ್ಲ!

ಇದಕ್ಕೆ ಒಂದು ವರ್ಷ ಮುಂಚೆ, 2012ರ ಮೇ 14ರಂದು, ಇದೇ ನಿಲ್ದಾಣದಲ್ಲಿ ಇಳಿಯಲಾಗದೆ ಪೋಖರಾಕ್ಕೆ ಹಿಂತಿರುಗುತ್ತಿದ್ದ ಡಾರ್ನಿಯರ್ ವಿಮಾನ ಬೆಟ್ಟಕ್ಕೆ ಬಡಿದು 15 ಜನ ತೀರಿಕೊಂಡರು. ಹೆಚ್ಚಿನವರು ಭಾರತೀಯರು. 2022ರ ಮೇ 29ರಂದು ಇದೇ ಮಾರ್ಗದಲ್ಲಿ ಇನ್ನೊಂದು ಟ್ವಿನ್ ಆಟರ್ ಬಿದ್ದು 22 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವುಗಳ ಕಾರಣ ಬೇರೆ, ಕಣಿವೆ ಒಂದೇ.

ಪೋಖರಾದಲ್ಲಿ ವಿಮಾನ ರದ್ದಾಯಿತೆಂದರೆ ನಮ್ಮವರು ಕೌಂಟರಿನ ಮುಂದೆ ದನಿ ಏರಿಸುವುದುಂಟು. ದುಡ್ಡು ಕೊಟ್ಟಿದ್ದೇವೆ, ರಜೆ ಮುಗಿಯುತ್ತದೆ, ವಯಸ್ಸಾದವರಿದ್ದಾರೆ, ಎಲ್ಲ ನಿಜವೇ. ಆದರೂ ಕೌಂಟರಿನ ಹಿಂದೆ ನಿಂತವರು ಆ ಹೊತ್ತು ನಿಮ್ಮ ಪರವಾಗಿಯೇ ಕೆಲಸ ಮಾಡುತ್ತಿರುತ್ತಾರೆ. ದಯವಿಟ್ಟು ಅವರನ್ನು ಅವಸರಪಡಿಸಬೇಡಿ. ಯಾತ್ರೆಯ ಲೆಕ್ಕ ಹಾಕುವಾಗಲೇ ಪೋಖರಾದಲ್ಲಿ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಬೆಳಗಿನ ಮೊದಲ ವಿಮಾನವನ್ನೇ ಕೇಳಿ. ಅದೂ ಹೋಗದಿದ್ದರೆ ಜೀಪು, ಬಸ್ಸು ಇವೆ. ಮೈಕೈ ನೋಯುವ ರಸ್ತೆ ನಿಜ, ಆದರೆ ಗಂಡಕಿಯ ದಂಡೆಯಲ್ಲೇ ಸಾಗುತ್ತದೆ.

ನಮಸ್ಕಾರ.